ಮೈಕಲ್ಲಿ ಹೇಳಿದ ಒಂದು ತಪ್ಪು, ಮತ್ತೆ ನಾನು ಭಾರತದ ವಾಲಿಬಾಲ್ ಚರಿತ್ರೆ ಕಲ್ತದ್ದು

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಆದ್ರೆ ಮೈಕ್ ಹಿಡಿಯುವವ. ಹಗಲಿಗೆ ಅಡಿಕೆ ತೋಟ, ಜನವರಿಯಿಂದ ಏಪ್ರಿಲ್ ತನಕ ಶನಿವಾರ ಬಂತು ಅಂದ್ರೆ ಎಲ್ಲಿಯಾದ್ರೂ ಒಂದು ಗದ್ದೆಯಲ್ಲಿ ರಾತ್ರಿ ಎರಡು ಗಂಟೆವರೆಗೆ ವೀಕ್ಷಕ ವಿವರಣೆ. ಕನ್ನಡದಲ್ಲಿ ಶುರು ಮಾಡ್ತೇನೆ, ಆಟ ಬಿಸಿ ಆಗುವಾಗ ನನಗೇ ಗೊತ್ತಿಲ್ಲದೆ ತುಳುವಿಗೆ ಹೋಗ್ತೇನೆ, ತೆಂಕಿನ ಟೀಮ್ ಬಂದಿದ್ರೆ ಮಧ್ಯ ಮಧ್ಯ ಮಲಯಾಳವೂ ಬೇಕು, ಇಲ್ಲದಿದ್ರೆ ಅವರಿಗೆ ಬೇಜಾರು.

ಈ ಕೆಲಸದಲ್ಲಿ ಕಷ್ಟ ಇರುವುದು ಆಟ ನಡೆಯುವಾಗ ಅಲ್ಲ. ಸೆಟ್ ಮುಗಿದು ಕೋರ್ಟ್ ಬದಲಾಯಿಸುವಾಗ, ಮುಂದಿನ ಟೀಮಿನ ಜೀಪು ಇನ್ನೂ ಸೀತಾಂಗೋಳಿಯಲ್ಲೇ ಉಂಟು ಅಂತ ಫೋನ್ ಬರುವಾಗ, ಆಗ ಎಂತ ಮಾತಾಡುವುದು? ಕೆಲವರು ಪದ್ಯ ಹಾಕ್ತಾರೆ, ಕೆಲವರು ಚರುಮುರಿ ಸ್ಟಾಲಿನ ಜಾಹೀರಾತು ಹತ್ತು ಸಲ ಹೇಳ್ತಾರೆ. ನನಗೆ ಸ್ವಲ್ಪ ಜಾಸ್ತಿ ಗೊತ್ತುಂಟು ಅಂತ ತೋರಿಸುವ ಚಟ, ಹಾಗೆ ಭಾರತದ ವಾಲಿಬಾಲ್ ತಂಡದ ಚರಿತ್ರೆ ಬಿಡ್ಲಿಕ್ಕೆ ಶುರು ಮಾಡಿದೆ.

ಒಂದು ರಾತ್ರಿ ಹೇಳಿಬಿಟ್ಟೆ, 1962ರ ಜಕಾರ್ತ ಏಷ್ಯನ್ ಗೇಮ್ಸಲ್ಲಿ ನಮಗೆ ಬೆಳ್ಳಿ, ಅದಾಗಿ ಎರಡು ವರ್ಷಕ್ಕೆ 1964ರ ಟೋಕಿಯೋದಲ್ಲಿ ಒಲಿಂಪಿಕ್ಸಿಗೆ ವಾಲಿಬಾಲ್ ಮೊದಲ ಸಲ ಬಂತು, ಅಲ್ಲಿಯೂ ನಮ್ಮವರು ಆಡಿದ್ರು ಅಂತ. ಮೊದಲ ಎರಡು ಮಾತು ಸರಿ. ಮೂರನೇದನ್ನು ನಾನೇ ಸೇರಿಸಿದ್ದು, ಏಷ್ಯಾದಲ್ಲಿ ಎರಡನೇ ಸ್ಥಾನ ಅಂದ ಮೇಲೆ ಒಲಿಂಪಿಕ್ಸಿಗೆ ಹೋಗದೆ ಇರ್ತಾರಾ ಅಂತ ಅಂದಾಜಿನ ಮೇಲೆ. ಚಪ್ಪಾಳೆಯೂ ಬಿತ್ತು.

ಆಟ ಮುಗಿದು ಚಾ ಕುಡಿಲಿಕ್ಕೆ ಹೋದ್ರೆ ನಮ್ಮ ಊರಿನ ರಿಟೈರ್ಡ್ ಪಿ.ಟಿ. ಮಾಸ್ಟ್ರು ಬೆಂಚಿನಲ್ಲಿ ಕೂತಿದ್ರು. "ಬಾ ಮಾರಾಯ, ಯಾವ ಒಲಿಂಪಿಕ್ಸಲ್ಲಿ ಆಡಿದ್ದು ಭಾರತ?" ಅಂತ ಕೇಳಿದ್ರು. ನಾನು ಟೋಕಿಯೋ ಅಂದೆ. ಅವರು ಗೋಳಿಬಜೆ ತಿಂದು ಕೈ ಒರೆಸಿಕೊಂಡು ನಿಧಾನಕ್ಕೆ ಹೇಳಿದ್ರು, ಟೋಕಿಯೋದಲ್ಲಿ ಆಡಿದ್ದು ಹತ್ತು ಟೀಮು, ಏಷ್ಯಾದಿಂದ ಜಪಾನ್ ಮತ್ತು ದಕ್ಷಿಣ ಕೊರಿಯಾ ಮಾತ್ರ, ನಮ್ಮ ಗಂಡಸರ ಟೀಮು ಇವತ್ತಿನವರೆಗೆ ಒಂದೇ ಒಂದು ಒಲಿಂಪಿಕ್ಸ್ ಆಡಿಲ್ಲ. ಬೇರೆಯವರ ಎದುರು ಹೇಳಿದ್ರೆ ಅಷ್ಟು ಬೇಸರ ಆಗ್ತಿರ್ಲಿಲ್ಲ, ಅಲ್ಲಿ ಸ್ಕೋರ್ ಬೋರ್ಡ್ ಬದಲಾಯಿಸುವ ಹುಡುಗ ಇದ್ದ.

ಆ ಮೇಲೆ ನಾನೊಂದು ಇನ್ನೂರು ಪುಟದ ನೋಟ್‌ಬುಕ್ ತಂದು ಸಮಾ ಕಲಿಲಿಕ್ಕೆ ಕೂತೆ. ಮೂರು ಕಾಲಂ ಹಾಕಿದೆ, ವರ್ಷ, ಊರು, ಎಷ್ಟನೇ ಸ್ಥಾನ. 1952ರ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್, 11 ಟೀಮಲ್ಲಿ ಭಾರತ 8. ಇಲ್ಲಿ ನನಗೆ ಆಶ್ಚರ್ಯ ಆದದ್ದು ಎಂತ ಅಂದ್ರೆ ನಮ್ಮ ವಾಲಿಬಾಲ್ ಫೆಡರೇಶನ್ ಹುಟ್ಟಿದ್ದೇ 1951ರಲ್ಲಿ, ಅದಕ್ಕಿಂತ ಮೊದಲು 1936ರಲ್ಲಿ ಲಾಹೋರಿನಲ್ಲಿ ಶುರುವಾದ ಅಂತರ್‌ರಾಜ್ಯ ಚಾಂಪಿಯನ್‌ಶಿಪ್ ಎರಡು ವರ್ಷಕ್ಕೊಮ್ಮೆ ನಡೀತಿದ್ದದ್ದು. ಫೆಡರೇಶನ್ ಆಗಿ ಮರುವರ್ಷ ಮಾಸ್ಕೋಗೆ ಹೋಗಿ ಆಡಿ ಬಂದಿದ್ದಾರೆ! ಮತ್ತೆ 1958 ಟೋಕಿಯೋ, ಏಷ್ಯನ್ ಗೇಮ್ಸಿಗೆ ವಾಲಿಬಾಲ್ ಸೇರಿದ ಮೊದಲ ವರ್ಷ, ಜಪಾನ್ ಚಿನ್ನ, ಇರಾನ್ ಬೆಳ್ಳಿ, ನಮಗೆ ಕಂಚು. 1962 ಜಕಾರ್ತ, ಜಪಾನ್ ನಂತರ ನಾವು, ಪಾಕಿಸ್ತಾನ ಮೂರನೇದು. ಅದೇ ಜಕಾರ್ತದಲ್ಲಿ ನಮ್ಮ ಫುಟ್‌ಬಾಲ್‌ನವರು ಚಿನ್ನ ತಂದ್ರಲ್ಲ, ಹಾಗಾಗಿ ವಾಲಿಬಾಲಿನ ಬೆಳ್ಳಿ ಯಾರಿಗೂ ನೆನಪಿಲ್ಲ, ಇದು ನನ್ನ ಲೆಕ್ಕ. ಆ ಕಾಲದ ಎ. ಪಳನಿಸ್ವಾಮಿ ಅವರಿಗೆ 1961ರಲ್ಲಿ, ಅರ್ಜುನ ಪ್ರಶಸ್ತಿ ಶುರುವಾದ ವರ್ಷವೇ, ಅದು ಸಿಕ್ಕಿದೆ, ಮರುವರ್ಷ ನೃಪ್‌ಜಿತ್ ಸಿಂಗ್ ಬೇಡಿ. ಆಮೇಲೆ ಇಪ್ಪತ್ನಾಲ್ಕು ವರ್ಷ ಬರಗಾಲ, 1986ರ ಸಿಯೋಲಲ್ಲಿ ಮತ್ತೆ ಕಂಚು. ಅಷ್ಟೇ. ಏಷ್ಯನ್ ಗೇಮ್ಸಲ್ಲಿ ಗಂಡಸರ ಟೀಮಿನ ಒಟ್ಟು ಪದಕ ಮೂರು.

ನೋಟ್‌ಬುಕ್ ಮಾಸ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿ, "ಪದಕ ಬರ್ದು ಎಂತ ಮಾಡ್ತಿ? ಅವರು ಆಡಿದ ಆಟ ಯಾವುದು ಅಂತ ಗೊತ್ತುಂಟಾ ನಿನಗೆ?" ಅಂದ್ರು. ನಾಲ್ಕನೇ ಕಾಲಂ ಹಾಕಿಸಿದ್ದು ಅವರೇ, ರೂಲು. ಯಾವ ವರ್ಷ ಯಾವ ರೂಲಿನಲ್ಲಿ ಆಡಿದ್ದು. ನನಗೆ ಈ ಚರಿತ್ರೆಯ ರುಚಿ ಹತ್ತಿದ್ದು ಆ ಕಾಲಂ ತುಂಬಿಸುವಾಗಲೇ.

ಉದಾಹರಣೆಗೆ 1958ರಲ್ಲಿಯೂ 1962ರಲ್ಲಿಯೂ ಏಷ್ಯನ್ ಗೇಮ್ಸಲ್ಲಿ ಎರಡು ನಮೂನೆಯ ವಾಲಿಬಾಲ್ ಇತ್ತು, ಆರು ಜನರದ್ದು ಒಂದು, ಒಂಬತ್ತು ಜನರದ್ದು ಇನ್ನೊಂದು. ಒಂಬತ್ತು ಜನರದ್ದರಲ್ಲಿ ರೊಟೇಶನ್ ಇಲ್ಲ, ಎದುರು ಇದ್ದವ ಎದುರೇ, ಹಿಂದೆ ಇದ್ದವ ಹಿಂದೆಯೇ. ನಮ್ಮ ಪದಕ ಬಂದದ್ದು ಆರು ಜನರದ್ದರಲ್ಲಿ. ನೆಟ್ಟಿನ ಮೇಲಿಂದ ಕೈ ಆಚೆ ಹಾಕಿ ಬ್ಲಾಕ್ ಮಾಡ್ಬಹುದು ಅಂತ ರೂಲು ಆದದ್ದು 1964ರ ಆಸುಪಾಸು, ಅಂದ್ರೆ ಜಕಾರ್ತದ ಬೆಳ್ಳಿ ಗೆದ್ದವರು ನಾವು ಈಗ ನೋಡುವ ಬ್ಲಾಕನ್ನು ಆಡಿದವರೇ ಅಲ್ಲ. ಮತ್ತೆ ಲಿಬೆರೋ (ಬೇರೆ ಬಣ್ಣದ ಅಂಗಿ ಹಾಕಿ ಹಿಂದೆ ನಿಂತು ಬೋಲು ತೆಗೆಯುವವ), ರ್‍ಯಾಲಿ ಪಾಯಿಂಟು (ಸರ್ವಿಸ್ ಯಾರದ್ದಾದ್ರೂ ಗೆದ್ದವರಿಗೆ ಪಾಯಿಂಟು), ಬಣ್ಣದ ಬೋಲು, ಇದೆಲ್ಲ 1998ರ ನಂತರದ ಕತೆ. ಸಿಯೋಲಿನ ಕಂಚು ಬಂದದ್ದು ಬಿಳಿ ಬೋಲಲ್ಲಿ, 15ರ ಸೆಟ್ಟಲ್ಲಿ, ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟು ಸಿಗುವ ಆಟದಲ್ಲಿ.

ಜಿಮ್ಮಿ ಜಾರ್ಜ್ ಬಗ್ಗೆ ಹೇಳದೆ ಇದ್ರೆ ನಮ್ಮ ಕಡೆ ಜನ ಬಿಡುವುದಿಲ್ಲ. 1955ರಲ್ಲಿ ಪೇರಾವೂರಿನಲ್ಲಿ ಹುಟ್ಟಿದವರು, ಎಂಟು ಜನ ಅಣ್ಣತಮ್ಮಂದಿರು, ಎಲ್ಲರೂ ವಾಲಿಬಾಲ್ ಆಡುವವರು. 1974ರ ಟೆಹ್ರಾನ್, 1978ರ ಬ್ಯಾಂಕಾಕ್, 1986ರ ಸಿಯೋಲ್, ಮೂರು ಏಷ್ಯನ್ ಗೇಮ್ಸ್ ಆಡಿದ್ದಾರೆ, ಮಧ್ಯದಲ್ಲಿ ಅಬುಧಾಬಿ, ಮತ್ತೆ ಇಟಲಿಯ ಕ್ಲಬ್ಬುಗಳಲ್ಲಿ ದುಡ್ಡಿಗೆ ಆಡಿದ್ದಾರೆ, ಆ ಕಾಲದಲ್ಲಿ ನಮ್ಮ ದೇಶದ ಒಬ್ಬ ವಾಲಿಬಾಲ್ ಆಟಗಾರನಿಗೆ ಅದು ಕನಸಲ್ಲಿಯೂ ಇಲ್ಲದ ಮಾತು. ಸಿಯೋಲ್ ಆಗಿ ಒಂದು ವರ್ಷ, 1987ರ ನವೆಂಬರ್ 30ಕ್ಕೆ ಇಟಲಿಯಲ್ಲೇ ಕಾರ್ ಆಕ್ಸಿಡೆಂಟಲ್ಲಿ ತೀರಿಹೋದ್ರು. 32 ವರ್ಷ.

ನಾನು ಮೊದಲೆಲ್ಲ "ಪಕ್ಕದ ಕಣ್ಣೂರು ಜಿಲ್ಲೆಯ ಜಿಮ್ಮಿ ಜಾರ್ಜ್" ಅಂತ ಹೇಳ್ತಿದ್ದೆ. ನೋಟ್‌ಬುಕ್ ಬರೆಯುವಾಗ ಹೊಳೀತು, ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರ ಮೇ ತಿಂಗಳಲ್ಲಿ, ಅಲ್ಲಿವರೆಗೆ ನಾವೂ ಕಣ್ಣೂರು ಜಿಲ್ಲೆಯೇ ಅಲ್ವಾ? ಟೆಹ್ರಾನಿಗೆ ಬ್ಯಾಂಕಾಕಿಗೆ ಹೋಗುವಾಗ ಅವರು ನಮ್ಮದೇ ಜಿಲ್ಲೆಯವರು. ಇದನ್ನು ಮೈಕಲ್ಲಿ ಹೇಳಿದ ದಿನ ಮಲಯಾಳದವರೂ ಕನ್ನಡದವರೂ ಒಟ್ಟಿಗೆ ಶಿಳ್ಳೆ ಹೊಡೆದ್ರು, ನಮ್ಮ ಊರಲ್ಲಿ ಜಿಲ್ಲೆ, ರಾಜ್ಯ, ಗಡಿ ಅಂತ ಮಾತು ಬಂದ್ರೆ ಹಾಗೆ ಒಟ್ಟಿಗೆ ಶಿಳ್ಳೆ ಬೀಳುವುದು ಅಪರೂಪ.

ಹೆಸರು ಹೇಳುವುದರಲ್ಲಿಯೂ ಒಂದು ಉಪಾಯ ಕಲ್ತೆ. 1986ರ ಟೀಮಲ್ಲಿ ಸಿರಿಲ್ ವಳ್ಳೂರ್, ಉದಯಕುಮಾರ್, ಜಿ.ಇ. ಶ್ರೀಧರನ್ ಅಂತ ಬರೇ ಪಟ್ಟಿ ಓದಿದ್ರೆ ಹುಡುಗರು ಫೋನ್ ನೋಡ್ತಾರೆ. "ಪಿ.ವಿ. ಸಿಂಧು ಅಪ್ಪ ಇದ್ರು ಆ ಟೀಮಲ್ಲಿ" ಅಂತ ಶುರು ಮಾಡ್ಬೇಕು, ಪಿ.ವಿ. ರಮಣ. ಎಲ್ಲರ ತಲೆ ಮೇಲೆ ಬರ್ತದೆ. ಹಾಗೆಯೇ ಲಾಂಗ್ ಜಂಪಿನ ಅಂಜು ಬಾಬಿ ಜಾರ್ಜ್ ಗಂಡ ಬಾಬಿ ಯಾರು ಗೊತ್ತುಂಟಾ, ಜಿಮ್ಮಿಯ ತಮ್ಮ. ಹೀಗೆ ಗೊತ್ತಿರುವವರ ಕೈ ಹಿಡಿಸಿ ಗೊತ್ತಿಲ್ಲದವರ ಮನೆಗೆ ಕರ್ಕೊಂಡು ಹೋಗ್ಬೇಕು.

ಆದ್ರೂ ರೂಲಿನ ವಿಷಯ ಬಾಯಲ್ಲಿ ಹೇಳಿದ್ರೆ ಯಾರಿಗೂ ಹೋಗ್ತಿರ್ಲಿಲ್ಲ. "ಸರ್ವಿಸ್ ಇದ್ರೆ ಮಾತ್ರ ಪಾಯಿಂಟಾ? ಮತ್ತೆ ಸ್ಮ್ಯಾಶ್ ಹೊಡೆದದ್ದು ಎಂತಕ್ಕೆ?" ಅಂತ ಕೇಳ್ತಾರೆ. ಹಾಗೆ ಒಂದು ವರ್ಷ ನಮ್ಮ ಕ್ಲಬ್ಬಿನ ಪಂದ್ಯಾಟದಲ್ಲಿ ಸೆಮಿಫೈನಲಿಗೂ ಫೈನಲಿಗೂ ಮಧ್ಯ ಒಂದು ಸೆಟ್ 1986ರ ರೂಲಿನಲ್ಲಿ ಆಡಿಸಿದೆವು, ನಲ್ವತ್ತೈದು ದಾಟಿದವರು ಒಂದು ಕಡೆ, ಈಗಿನ ಹುಡುಗರು ಇನ್ನೊಂದು ಕಡೆ. ವಿಸಿಲ್ ಮಾಸ್ಟ್ರ ಕೈಯಲ್ಲಿ. ಸರ್ವಿಸ್ ಹಾಕಬೇಕಾದ್ರೆ ಹಿಂದಿನ ಗೆರೆಯ ಬಲಬದಿಯ ಮೂರು ಮೀಟರಿನ ಒಳಗೇ ನಿಲ್ಲಬೇಕು, ನಾನು ಸುಣ್ಣದಲ್ಲಿ ಗುರುತು ಹಾಕಿದೆ. ಸರ್ವಿಸ್ ನೆಟ್ಟಿಗೆ ತಾಗಿದ್ರೆ ಹೋಯ್ತು. ಲಿಬೆರೋ ಇಲ್ಲ. ಬೋಲು ಸೊಂಟದ ಕೆಳಗೆ ತಾಗಬಾರದು.

ಮೊದಲ ಐದು ನಿಮಿಷ ಸ್ಕೋರು ಸೊನ್ನೆ ಸೊನ್ನೆ. ಹುಡುಗರು ಸ್ಮ್ಯಾಶ್ ಹೊಡೀತಾರೆ, ಕುಣೀತಾರೆ, ಬೋರ್ಡ್ ನೋಡ್ತಾರೆ, ಸೊನ್ನೆ. ಸಿಕ್ಕಿದ್ದು ಸರ್ವಿಸ್ ಮಾತ್ರ. ಆ ಸರ್ವಿಸನ್ನು ಜಂಪ್ ಮಾಡಿ ಹೊಡೆದು ಹೊರಗೆ ಹಾಕ್ತಾರೆ, ಈಗಿನ ಅಭ್ಯಾಸ. ಸರ್ವಿಸ್ ಪುನಃ ಹಿರಿಯರಿಗೆ. ಗ್ಯಾಲರಿಯಿಂದ "ಸ್ಕೋರ್ ಹಾಕಾ, ನಿದ್ದೆ ಮಾಡ್ತಿದ್ದೀಯಾ" ಅಂತ ಬೋರ್ಡಿನ ಹುಡುಗನಿಗೆ ಬೊಬ್ಬೆ, ಪಾಪ ಅವನ ತಪ್ಪು ಎಂತ ಇಲ್ಲ. ಒಬ್ಬ ಒಳ್ಳೆ ಹುಡುಗ, ಉಪ್ಪಳ ಕಡೆಯವ, ಕೋರ್ಟಿನ ಹೊರಗೆ ಹೋಗುವ ಬೋಲನ್ನು ಕಾಲಲ್ಲಿ ಎತ್ತಿ ವಾಪಸ್ ತಂದ, ಇಡೀ ಗದ್ದೆ ಎದ್ದು ನಿಂತಿತು, ಮಾಸ್ಟ್ರು ಫುರ್ರ್ ಅಂತ ವಿಸಿಲ್. ಫೌಲ್! ಅವ ನನ್ನ ಮುಖ ನೋಡ್ತಾನೆ, ಎಂತ ಅಣ್ಣ ಇದು ಅಂತ. 1990ರ ನಂತರವೇ ಅದಕ್ಕೆಲ್ಲ ಪರ್ಮಿಶನ್ ಸಿಕ್ಕಿದ್ದು ತಮ್ಮಾ ಅಂತ ಮೈಕಲ್ಲೇ ಹೇಳಿದೆ.

ಹಿರಿಯರದ್ದು ಬೇರೆಯೇ ಲೆಕ್ಕ. ಸರ್ವಿಸ್ ನಿಧಾನಕ್ಕೆ, ಗ್ಯಾರಂಟಿಯಾಗಿ ಒಳಗೆ ಬೀಳುವ ಹಾಗೆ. ಲಿಫ್ಟರ್, ಅಂದ್ರೆ ಸ್ಮ್ಯಾಶಿಗೆ ಬೋಲು ಎತ್ತಿ ಕೊಡುವವ, ಗಡಿಬಿಡಿ ಮಾಡುವುದಿಲ್ಲ. ಹೋದ್ರೆ ಹೋಗಲಿ, ಸರ್ವಿಸ್ ಹೋದದ್ದಷ್ಟೆ, ಪಾಯಿಂಟ್ ಹೋಗ್ಲಿಲ್ಲ ಅಂತ ಆ ನಿಧಾನ. ಮೊಣಕಾಲಿಗೆ ಪಟ್ಟಿ ಕಟ್ಟಿದವರು 15-11ರಲ್ಲಿ ಗೆದ್ದೇ ಬಿಟ್ರು. ಒಂದೇ ಸೆಟ್ಟಿಗೆ ಐವತ್ತು ನಿಮಿಷ ಹೋಯ್ತು, ಫೈನಲ್ ಲೇಟ್ ಆಯ್ತು ಅಂತ ಕಮಿಟಿಯವರ ಹತ್ರ ಬೈಸಿಕೊಂಡದ್ದು ನಾನು.

ಆದ್ರೆ ಆ ಐವತ್ತು ನಿಮಿಷ ಮೈಕ್ ನನ್ನ ಕೈಯಲ್ಲಿತ್ತು, ಪಾಯಿಂಟ್ ಬಾರದ ಹೊತ್ತಿಗೆಲ್ಲ ನಾನು ಸಿಯೋಲ್ ಹೇಳಿದೆ. ಚೀನಾ ಚಿನ್ನ, ಮನೆಯವರಾದ ಕೊರಿಯಾ ಬೆಳ್ಳಿ, ಜಪಾನನ್ನು ಹಿಂದೆ ಹಾಕಿ ನಮಗೆ ಕಂಚು, ಅದೂ ಇದೇ ಆಟದಲ್ಲಿ, ಈಗ ನೋಡ್ತಿದ್ದೀರಲ್ಲ ಹೀಗೆ ಒಂದೊಂದು ಪಾಯಿಂಟಿಗೆ ಸಾಯಬೇಕಿತ್ತು ಅಂತ. ಆಗ ಮೊದಲ ಸಲ ಜನರಿಗೆ ಅರ್ಥ ಆದದ್ದು ಅವರ ಮುಖದಲ್ಲಿ ಗೊತ್ತಾಯ್ತು.

ಸಿಯೋಲ್ ನಂತರದ್ದನ್ನು ನಾನು ಉದ್ದ ಎಳೆಯುವುದಿಲ್ಲ. ಸಣ್ಣ ಪ್ರಾಯದ ಟೀಮುಗಳು ಆಸೆ ಹುಟ್ಟಿಸಿದ್ವು, 2003ರಲ್ಲಿ ಥಾಯ್ಲೆಂಡಿನಲ್ಲಿ ನಮ್ಮ ಯೂತ್ ಹುಡುಗರು ವಿಶ್ವ ಚಾಂಪಿಯನ್‌ಶಿಪ್ ಫೈನಲಿಗೆ ಹೋಗಿ ಬ್ರೆಜಿಲ್‌ಗೆ ಸೋತು ಬೆಳ್ಳಿ ತಂದ್ರು, 2009ರಲ್ಲಿ ಪುಣೆಯಲ್ಲೇ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ 4ನೇ ಸ್ಥಾನ. ಹುಡುಗರಾಗಿ ಪ್ರಪಂಚದಲ್ಲಿ ಎರಡನೇದು, ಗಂಡಸರಾಗುವಾಗ ಏಷ್ಯಾದಲ್ಲೇ ಐದನೇದು ಆರನೇದು, ಇದು ನನಗೆ ಬಗೆಹರಿಯದ ವಿಷಯ. ಏಷ್ಯನ್ ಗೇಮ್ಸಲ್ಲಿ 2014ರ ಇಂಚಿಯಾನಲ್ಲಿ 5ನೇ ಸ್ಥಾನ, 2018ರಲ್ಲಿ 12. ಆ 12 ಬಂದದ್ದೂ ಜಕಾರ್ತದಲ್ಲೇ, ಬೆಳ್ಳಿ ಗೆದ್ದ ಅದೇ ಊರು. ಇದನ್ನು ಮೈಕಲ್ಲಿ ಹೇಳಿದ್ರೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ನಾನು ಹೇಳ್ತೇನೆ.

ಮತ್ತೆ ಹಾಂಗ್‌ಝೌ. ಚೀನಾದಲ್ಲಿ ಏಷ್ಯನ್ ಗೇಮ್ಸ್, 2023ರ ಸೆಪ್ಟೆಂಬರ್ 20, ನಾನು ಫೋನ್ ಹಿಡಿದು ಅಡಿಕೆ ಅಂಗಳದಲ್ಲಿ ಕೂತಿದ್ದೆ. ಎದುರು ದಕ್ಷಿಣ ಕೊರಿಯಾ, 1966ರಿಂದ ಒಂದೇ ಒಂದು ಏಷ್ಯನ್ ಗೇಮ್ಸಲ್ಲಿಯೂ ಪದಕ ಇಲ್ಲದೆ ಮನೆಗೆ ಹೋಗದ ಟೀಮು. ಮೊದಲ ಸೆಟ್ 25-27 ಹೋಯ್ತು. ಎರಡನೇದು 29-27 ನಮಗೆ. ಮೂರು ನಮಗೆ, ನಾಲ್ಕು ಅವರಿಗೆ, ಐದನೇದು 17-15. ಅಮಿತ್ ಒಂದು ಕಡೆಯಿಂದ ಹೊಡೆಯುವುದು, ನಡುವಲ್ಲಿ ಅಶ್ವಲ್ ರೈ ಬ್ಲಾಕಿಗೆ ಹಾರುವುದು. ರೈ ಅಂದ ಮೇಲೆ ನಮ್ಮ ತುಳುನಾಡಿನವರು ಅಂತ ಬೇರೆ ಹೇಳ್ಬೇಕಾ? ನಾನು ಒಬ್ಬನೇ ಕೂತು ಕಿರುಚಿದ್ದಕ್ಕೆ ಅಮ್ಮ ಹಾವು ಬಂತೋ ಅಂತ ಕತ್ತಿ ಹಿಡ್ಕೊಂಡು ಬಂದ್ರು. ಆಮೇಲೆ ಚೈನೀಸ್ ತೈಪೆಯನ್ನು ಸೋಲಿಸಿ ಕ್ವಾರ್ಟರ್ ಫೈನಲಿಗೆ ಹೋದದ್ದು, ಅಲ್ಲಿ ಜಪಾನ್‌ಗೆ ಸೋತು, ಐದನೇ ಸ್ಥಾನದ ಆಟದಲ್ಲಿ ಪಾಕಿಸ್ತಾನಕ್ಕೂ ಸೋತು 6ನೇ ಸ್ಥಾನ. ಅಮ್ಮ ಈಗಲೂ ಕೇಳ್ತಾರೆ, ಅಷ್ಟು ಬೊಬ್ಬೆ ಹಾಕಿದ್ದು ಆರನೇದಕ್ಕಾ ಅಂತ.

ಮೊನ್ನೆ ಕ್ಲಬ್ಬಿನ ಮೀಟಿಂಗಿಗೆ ಮಾಸ್ಟ್ರು ಬಂದಿದ್ರು. ಮುಂದಿನ ಸಲ ಒಂಬತ್ತು ಜನರದ್ದು ಆಡಿಸುವನಾ ಅಂತ ಕೇಳಿದ್ರು. ಕಮಿಟಿಯವರು ನನ್ನನ್ನು ನೋಡಿದ್ರು, ಟೈಮ್ ಎಷ್ಟು ಹೋಗ್ತದೆ ಅಂತ. ಎರಡು ಕಡೆ ಸೇರಿ ಹದಿನೆಂಟು ಜನ ಬೇಕು, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆಸರು ಬರೀತಾ ಇದ್ದೇನೆ, ಸದ್ಯಕ್ಕೆ ಹದಿನಾಲ್ಕು ಆಗಿದೆ, ಅದರಲ್ಲಿ ಒಬ್ಬರಿಗೆ ಸೊಂಟ ನೋವು.