ಇಂಗ್ಲೆಂಡಿನ ಹಳ್ಳಿಯಲ್ಲಿ ಊರವರ ಮಾತು ಕೇಳುವುದು ಹೇಗೆ: ಪ್ಯಾರಿಷ್ ಸರ್ವೆ ಮಾಡುವವರಿಗೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪ್ಯಾರಿಷ್ ಕೌನ್ಸಿಲ್ ಕೆಲವೊಮ್ಮೆ ಮನೆಮನೆಗೆ ಒಂದು ಫಾರ್ಮ್ ಕಳಿಸುತ್ತದೆ. ಊರಿನಲ್ಲಿ ಬದುಕು ಹೇಗಿದೆ, ಏನು ಬೇಕು, ಏನು ಸಾಲದು ಅಂತ ಕೇಳುವ ಫಾರ್ಮ್, ಇದೇ ಪ್ಯಾರಿಷ್ ಸರ್ವೆ. ಅಲ್ಲಿ ನೆಲೆಸಿರುವ ನಮ್ಮವರು ಇದು ನಮಗಲ್ಲ ಅಂತ ಸುಮ್ನೆ ಪಕ್ಕಕ್ಕಿಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ತುಂಬಿ ಕೊಡಿ. ಸಾಧ್ಯವಾದರೆ ಆ ಫಾರ್ಮ್ ತಯಾರಿಸುವ ಗುಂಪಿಗೇ ಸೇರಿಕೊಳ್ಳಿ, ಯಾಕೆಂದರೆ ಊರಿಗೆ ಏನು ಬರುತ್ತದೆ ಅನ್ನುವುದು ಎಷ್ಟೋ ಸಲ ಅಲ್ಲಿ ಯಾವ ಪ್ರಶ್ನೆ ಕೇಳಿದರು ಅನ್ನುವುದರ ಮೇಲೇ ನಿಂತಿರುತ್ತದೆ.

ಮೊದಲು ಒಂದು ವಿಷಯ. ಈ ಪ್ಯಾರಿಷ್ ಚರ್ಚಿನದ್ದಲ್ಲ. 1894ರ ಕಾನೂನು ಹಳ್ಳಿಯ ಆಡಳಿತವನ್ನು ಚರ್ಚಿನಿಂದ ಬಿಡಿಸಿ, ಜನ ಆರಿಸಿದ ಕೌನ್ಸಿಲ್ ಕೈಗೆ ಕೊಟ್ಟಿತು. ಈಗ ಇಂಗ್ಲೆಂಡಿನಲ್ಲಿ ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳು ಸೇರಿ ಸುಮಾರು 10,000 ಇವೆ. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಅಧಿಕಾರ ಇನ್ನೂ ಕಡಿಮೆ. ಖರ್ಚಿಗೆ ಪ್ರಿಸೆಪ್ಟ್ ಅಂತ ಒಂದು ಪಾಲನ್ನು ನಿಮ್ಮ ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಜೊತೆಗೇ ವಸೂಲಿ ಮಾಡುತ್ತಾರೆ. ಅಂದರೆ ಅದು ನಿಮ್ಮ ದುಡ್ಡು.

ಇನ್ನೊಂದು ಮಾತು ನಮ್ಮವರಿಗೆ ಗೊತ್ತಿರುವುದೇ ಕಡಿಮೆ. ಭಾರತದ ಪಾಸ್‌ಪೋರ್ಟ್ ಇದ್ದರೂ, ಸರಿಯಾದ ವೀಸಾದಲ್ಲಿ ಅಲ್ಲಿ ವಾಸವಿರುವ ವಯಸ್ಕರು ಕಾಮನ್‌ವೆಲ್ತ್ ಪ್ರಜೆಗಳಾಗಿ ಮತದಾರರ ಪಟ್ಟಿಗೆ ಸೇರಬಹುದು. ಪ್ಯಾರಿಷ್ ಚುನಾವಣೆಯಲ್ಲೂ ವೋಟು ಹಾಕಬಹುದು. ಹಾಗಾಗಿ "ನಾವು ಹೊರಗಿನವರು" ಅನ್ನುವ ಹಿಂಜರಿಕೆ ಬೇಡ. ಕೌನ್ಸಿಲ್ ಸಭೆಯ ಅಜೆಂಡಾವನ್ನು ಮೂರು ಪೂರ್ತಿ ದಿನ ಮುಂಚೆಯೇ ಹಾಕಬೇಕು, ನೋಟಿಸ್ ಬೋರ್ಡ್ ನೋಡಿ. ಸಭೆಯಲ್ಲಿ ಸಾರ್ವಜನಿಕರು ಮಾತಾಡಲು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಇಟ್ಟಿರುತ್ತಾರೆ. ಕ್ಲರ್ಕ್‌ಗೆ ಒಂದು ಇಮೇಲ್ ಹಾಕಿ ಹೋಗಿಬಿಡಿ.

ಗುಂಪಿಗೆ ಸೇರಿದ ಮೇಲೆ ಎಲ್ಲರಿಗೂ ಪ್ರಶ್ನೆ ಬರೆಯುವ ಆತುರ. ಅದಕ್ಕೂ ಮುಂಚೆ ಒಂದು ಹಾಳೆಯ ಮೇಲೆ ಯಾವ ಕೆಲಸ ಯಾರ ಕೈಯಲ್ಲಿದೆ ಅಂತ ಬರೆದುಕೊಳ್ಳಿ. ಆಟದ ಮೈದಾನ, ತರಕಾರಿ ಬೆಳೆಯಲು ಕೊಡುವ ಅಲಾಟ್‌ಮೆಂಟ್ ತುಂಡು ಜಮೀನು, ಬಸ್ ಶೆಲ್ಟರ್, ಬೆಂಚು, ಸ್ಮಶಾನ, ಇಂಥವು ಸಾಮಾನ್ಯವಾಗಿ ಪ್ಯಾರಿಷ್‌ನದು. ರಸ್ತೆ ಗುಂಡಿ, ಶಾಲೆ, ಲೈಬ್ರರಿ, ಬಸ್ಸಿಗೆ ಕೊಡುವ ಸಹಾಯಧನ ಕೌಂಟಿಯದು, ಅಂದರೆ ಪ್ಯಾರಿಷ್‌ಗಿಂತ ಮೇಲಿನ ದೊಡ್ಡ ಕೌನ್ಸಿಲ್‌ನದು. ಕಸ, ಮನೆ ಕಟ್ಟುವ ಅನುಮತಿ, ವಸತಿ ಪಟ್ಟಿ ಇವೆರಡರ ನಡುವಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು. ಕೆಲವು ಕಡೆ ಕೌಂಟಿ, ಡಿಸ್ಟ್ರಿಕ್ಟ್ ಎರಡೂ ಸೇರಿ ಒಂದೇ ಕೌನ್ಸಿಲ್ ಇರುತ್ತದೆ. ವೈದ್ಯರ ಕ್ಲಿನಿಕ್ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆಯದು. ಇನ್ನು ಪ್ರತಿ ಪ್ರಶ್ನೆಗೂ ಪಕ್ಕದಲ್ಲಿ ಒಂದು ಹೆಸರಿರಲಿ: ಈ ಉತ್ತರ ಯಾರಿಗೆ ಹೋಗುತ್ತದೆ? ಹೆಸರು ಸಿಗದಿದ್ದರೆ ಆ ಪ್ರಶ್ನೆ ತೆಗೆದುಹಾಕಿ. ಏನೂ ಮಾಡಲಾಗದ ವಿಷಯ ಕೇಳಿ ಜನರಲ್ಲಿ ಆಸೆ ಹುಟ್ಟಿಸುವುದು ತಪ್ಪು. ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ಪ್ರಶ್ನೆಗಳು. "ಬಸ್ ಸೇವೆ ಉತ್ತಮವಾಗಬೇಕೇ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಬಸ್ಸನ್ನೇ ಹತ್ತದವರೂ ಸಹ. ಅದರಿಂದ ಕೌಂಟಿಗೆ ಏನೂ ಗೊತ್ತಾಗುವುದಿಲ್ಲ. "ಕಳೆದ ತಿಂಗಳು ಹೋಗಲು ದಾರಿ ಇಲ್ಲದೆ ಯಾವುದಾದರೂ ಕೆಲಸ ತಪ್ಪಿತಾ? ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ?" ಅಂತ ಕೇಳಿ ನೋಡಿ. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾದ ವಯಸ್ಸಾದವರು ಇಷ್ಟು ಜನ ಇದ್ದಾರೆ, ಸಂಜೆ ಕಾಲೇಜಿನಿಂದ ವಾಪಸ್ ಬರಲಾಗದ ಹುಡುಗರು ಇಷ್ಟು ಜನ ಇದ್ದಾರೆ ಅಂತ ತಿಳಿದರೆ ಬಸ್ಸು ಬಾರದಿದ್ದರೂ ಊರಿನವರೇ ತಮ್ಮ ಕಾರುಗಳಲ್ಲಿ ಕರೆದೊಯ್ಯುವ ವ್ಯವಸ್ಥೆ ಮಾಡಿಕೊಳ್ಳಬಹುದು. ಎಷ್ಟೋ ಹಳ್ಳಿಗಳಲ್ಲಿ ಇದು ನಡೆಯುತ್ತಿದೆ.

ಅಂಗಡಿಯ ವಿಷಯವೂ ಹಾಗೇ. ಊರಿನ ಕೊನೆಯ ಅಂಗಡಿ ಮುಚ್ಚುತ್ತದೆ ಅಂದಾಗ ಎಲ್ಲರಿಗೂ ಬೇಸರ. ಆದರೆ ಊರವರೇ ಸೇರಿ ನಡೆಸುವ ಅಂಗಡಿ ನಿಲ್ಲುವುದು ದಿನಾ ಬರುವ ಗಿರಾಕಿಗಳಿಂದ ಮತ್ತು ಸಂಬಳವಿಲ್ಲದೆ ಕೌಂಟರಿನಲ್ಲಿ ನಿಲ್ಲುವವರಿಂದ. ಹಾಗಾಗಿ ಅಂಗಡಿ ಬೇಕಾ ಅಂತ ಕೇಳಬೇಡಿ. ವಾರಕ್ಕೆ ಎಷ್ಟು ಪೌಂಡ್ ಖರ್ಚು ಮಾಡುತ್ತೀರಿ, ವಾರಕ್ಕೆ ಎರಡು ಗಂಟೆ ಕೊಡುತ್ತೀರಾ ಅಂತ ಕೇಳಿ.

ಚಳಿಗಾಲದ ಬಗ್ಗೆ ಖಂಡಿತ ಕೇಳಿ. ಬಹಳಷ್ಟು ಹಳ್ಳಿಗಳಿಗೆ ಗ್ಯಾಸ್ ಪೈಪ್ ಇಲ್ಲ, ಮನೆ ಬೆಚ್ಚಗಿಡಲು ಟ್ಯಾಂಕಿನಲ್ಲಿ ಎಣ್ಣೆ ತುಂಬಿಸಬೇಕು. ವಿದ್ಯುತ್ತು, ಗ್ಯಾಸಿಗೆ ಇರುವ ಬೆಲೆಯ ಮಿತಿ ಈ ಎಣ್ಣೆಗೆ ಇಲ್ಲ. ಒಟ್ಟಿಗೆ ಆರ್ಡರ್ ಮಾಡಿದರೆ ದರ ಇಳಿಯಬಹುದು, ಅದಕ್ಕಾಗಿಯೇ ಎಷ್ಟೋ ಊರುಗಳಲ್ಲಿ ಎಣ್ಣೆ ಕೊಳ್ಳುವ ಗುಂಪುಗಳಿವೆ. ಇಂಥದ್ದಕ್ಕೆ ಯಾವ ಕೌನ್ಸಿಲ್ ಅನುಮತಿಯೂ ಬೇಡ, ಯಾರು ಸೇರುತ್ತಾರೆ ಅಂತ ಗೊತ್ತಾದರೆ ಸಾಕು.

ಮನೆಗಳ ವಿಷಯಕ್ಕೆ ಬೇರೆಯದೇ ಫಾರ್ಮ್ ಮಾಡಿ, ಬೇರೆಯದೇ ಕವರ್ ಕೊಡಿ. ಅಪ್ಪ ಅಮ್ಮನ ಜೊತೆ ಇರುವ ದೊಡ್ಡ ಮಕ್ಕಳಿಗೆ ಸ್ವಂತ ಮನೆ ಬೇಕಾ, ಬಾಡಿಗೆ ಎಷ್ಟು ಕಟ್ಟಬಲ್ಲರು, ವಯಸ್ಸಾದವರು ಚಿಕ್ಕ ಮನೆಗೆ ಹೋಗಲು ಬಯಸುತ್ತಾರಾ? ಆದಾಯದ ಪ್ರಶ್ನೆ ಬರುವುದರಿಂದ ಇದನ್ನು ಹೊರಗಿನ ವಸತಿ ಅಧಿಕಾರಿ ನೋಡಿದರೆ ಒಳ್ಳೆಯದು, ನೆರೆಮನೆಯವರು ನೋಡಬಾರದು. ಮನೆ ಸಿಗದೆ ಊರು ಬಿಟ್ಟವರಿಗೂ ಈ ಫಾರ್ಮ್ ಕಳಿಸಿ. ಈ ಲೆಕ್ಕ ಬಹಳ ಮುಖ್ಯ. ಸಾಮಾನ್ಯವಾಗಿ ಮನೆ ಕಟ್ಟಲು ಬಿಡದ ಊರಂಚಿನ ಜಾಗದಲ್ಲೂ, ಆ ಊರಿನ ನಂಟಿರುವವರಿಗೆ ಕಡಿಮೆ ಬೆಲೆಯ ಕೆಲವು ಮನೆಗಳನ್ನು ಕಟ್ಟಲು ಇಂಗ್ಲೆಂಡಿನ ಯೋಜನಾ ನೀತಿಯಲ್ಲಿ ಅವಕಾಶವಿದೆ. ಆದರೆ ಇಂಥವರಿಗೆ ಮನೆ ಬೇಕಾಗಿದೆ ಅಂತ ಕಾಗದದ ಮೇಲೆ ತೋರಿಸಬೇಕು.

ಯಾರು ಉತ್ತರಿಸಲಿಲ್ಲ ಅನ್ನುವುದನ್ನು ನೋಡಲೇಬೇಕು. ಮನೆಗೊಂದು ಫಾರ್ಮ್ ಕೊಟ್ಟರೆ ಮನೆಯ ಹಿರಿಯರೊಬ್ಬರು ತುಂಬುತ್ತಾರೆ, ಹದಿಹರೆಯದವರ ಮಾತು ಅಲ್ಲೇ ಕಳೆದುಹೋಗುತ್ತದೆ. ಆಳಿಗೊಂದು ಕೊಡಿ. 2021ರ ಜನಗಣತಿಯ ಅಂಕಿಗಳು ಉಚಿತವಾಗಿ ಸಿಗುತ್ತವೆ, ಅದರಲ್ಲಿನ ವಯಸ್ಸಿನ ಪಟ್ಟಿಯ ಪಕ್ಕ ನಿಮಗೆ ಬಂದ ಉತ್ತರಗಳನ್ನಿಟ್ಟು ನೋಡಿ. ಬಂದವೆಲ್ಲ ನಿವೃತ್ತರದ್ದೇ ಆಗಿದ್ದರೆ ಶಾಲೆಯ ಗೇಟಿನ ಹತ್ತಿರ ಹೋಗಿ ನಿಲ್ಲಿ, ಪಬ್ಬಿಗೆ ಹೋಗಿ, ದೂರದ ತೋಟದ ಮನೆಗಳಿಗೆ ಹೋಗಿ, ಬಾಡಿಗೆಗಿರುವವರ ಬಾಗಿಲು ತಟ್ಟಿ. ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಸಭೆಗೆ ಬರಲು ಆಗುವುದಿಲ್ಲ, ಅಲ್ವಾ? ನಾವೇ ಹೋಗಬೇಕು.

ಗುಟ್ಟು ಕಾಪಾಡುವುದು ಚಿಕ್ಕ ಊರಿನಲ್ಲಿ ಕಷ್ಟ. ಬೀದಿಯ ಹೆಸರು, ವಯಸ್ಸು ಎರಡನ್ನೂ ಕೇಳಿದರೆ ಅದು ಯಾರು ಅಂತ ಇಡೀ ಊರಿಗೆ ಗೊತ್ತಾಗುತ್ತದೆ. ಎರಡರಲ್ಲಿ ಒಂದನ್ನು ಬಿಡಿ. ಜನ ಬರೆದ ಮಾತುಗಳನ್ನು ಪ್ರಕಟಿಸುವ ಮುನ್ನ ಗುರುತು ಸಿಗುವ ವಿವರ ತೆಗೆಯಿರಿ.

ಫಲಿತಾಂಶ ಬಂದಾಗ ಊರಿಗೆ ಬೇಗ ತಿಳಿಸಿ, ಎರಡು ಪುಟ ಸಾಕು. ಯಾವುದು ಯಾರಿಗೆ ಕಳಿಸಿದ್ದೀರಿ ಅಂತಲೂ ಬರೆಯಿರಿ. ಊರವರಿಗೆ ಪಬ್ ಅಥವಾ ಅಂಗಡಿ ಉಳಿಯಬೇಕು ಅಂತಿದ್ದರೆ, 2011ರ ಲೋಕಲಿಸಂ ಕಾಯ್ದೆಯಡಿ ಅದನ್ನು ಸಮುದಾಯದ ಆಸ್ತಿ ಅಂತ ಪಟ್ಟಿಗೆ ಸೇರಿಸಲು ಪ್ಯಾರಿಷ್ ಕೌನ್ಸಿಲ್ ಕೇಳಬಹುದು. ಆಗ ಮಾಲೀಕರು ಮಾರಲು ಹೊರಟರೆ ಊರಿನವರಿಗೆ ದುಡ್ಡು ಹೊಂದಿಸಲು ಸಮಯ ಸಿಗುತ್ತದೆ. ಊರಿನ ಬೆಳವಣಿಗೆಗೆ ನೈಬರ್‌ಹುಡ್ ಪ್ಲಾನ್ (ಎಲ್ಲಿ ಏನು ಕಟ್ಟಬಹುದು ಅನ್ನುವ ಊರಿನದ್ದೇ ಯೋಜನೆ) ಮಾಡುವುದಕ್ಕೂ ಅದೇ ಕಾಯ್ದೆ ದಾರಿ ಮಾಡಿತು. ಹೊಸ ಕಟ್ಟಡಗಳ ಮೇಲೆ ಅಭಿವೃದ್ಧಿ ಶುಲ್ಕ ವಸೂಲಿ ಮಾಡುವ ಕಡೆ, ಆ ಪ್ಲಾನ್ ಜಾರಿಯಲ್ಲಿದ್ದರೆ ಪ್ಯಾರಿಷ್‌ಗೆ ಆ ಶುಲ್ಕದಲ್ಲಿ ಶೇ. 25, ಇಲ್ಲದಿದ್ದರೆ ಒಂದು ಮಿತಿಯೊಳಗೆ ಶೇ. 15 ಸಿಗುತ್ತದೆ. ಸರ್ವೆಯೇ ಆ ಪ್ಲಾನಿಗೆ ಬುನಾದಿ.

ಕೌನ್ಸಿಲ್ ವರದಿಯನ್ನು ಕಪಾಟಿನಲ್ಲಿಟ್ಟು ಮರೆತರೆ ಸುಮ್ನಿರಬೇಡಿ. ಪ್ರತಿ ವರ್ಷ ಮಾರ್ಚ್ 1 ಮತ್ತು ಜೂನ್ 1ರ ನಡುವೆ ಊರಿನ ಎಲ್ಲ ಮತದಾರರ ವಾರ್ಷಿಕ ಪ್ಯಾರಿಷ್ ಸಭೆ ನಡೆಯಬೇಕು, ಅಲ್ಲಿ ಕೇಳಿ. ಅಷ್ಟು ದಿನ ಕಾಯಲಾಗದಿದ್ದರೆ 6 ಮತದಾರರು ಸೇರಿ ನೋಟಿಸ್ ಕೊಟ್ಟು ಪ್ಯಾರಿಷ್ ಸಭೆ ಕರೆಯಬಹುದು. ನೋಟಿಸಿನಲ್ಲಿ ಸ್ಥಳ, ಸಮಯ, ಚರ್ಚೆಯ ವಿಷಯ ಬರೆದು, ಕರೆದವರು ಸಹಿ ಮಾಡಿ, ಊರಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ.