ವಾಯಿದೆಯ ಭಯದಲ್ಲಿ ನಿದ್ದೆ ಕೆಡದಿರಲು: ಕರಾವಳಿಯ ವಕೀಲರಿಗೆ

ವಕೀಲರ ನಿದ್ದೆ ಕೆಡಿಸುವುದು ಹೆಚ್ಚಾಗಿ ಕಷ್ಟದ ಕೇಸಲ್ಲ, ತಾರೀಕು. ಚೆಕ್ ಬೌನ್ಸ್ ಪ್ರಕರಣವನ್ನೇ ನೋಡಿ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದೂ ಕಳೆದ ಮೇಲೆ ಒಂದು ತಿಂಗಳೊಳಗೆ ದೂರು. ಇಂಥ ಹತ್ತಾರು ಲೆಕ್ಕ ತಲೆಯಲ್ಲಿಟ್ಟುಕೊಂಡು ತಿರುಗಿದರೆ ನಡುರಾತ್ರಿ ಎಚ್ಚರವಾಗದೆ ಇರುತ್ತದೆಯೇ?

ವಾಯಿದೆ ಡೈರಿ ಎಲ್ಲರಲ್ಲೂ ಇದೆ. ಕಾಲಮಿತಿಗೆ ಬೇರೆಯೇ ಪುಸ್ತಕ ಇಡಿ. ಫೈಲು ಕೈಗೆ ಬಂದ ದಿನವೇ ಮೂರು ತಾರೀಕು ಬರೆಯಿರಿ: ಎಣಿಕೆ ಶುರುವಾಗುವ ದಿನ, ಕೊನೆಯ ದಿನ, ಅದಕ್ಕೂ 10 ದಿನ ಮೊದಲಿನ ‘ನಮ್ಮ ಕೊನೆಯ ದಿನ’. ಸಿವಿಲ್ ದಾವೆಯಲ್ಲಿ ಪ್ರತಿವಾದಿ ಕೊಡುವ ಲಿಖಿತ ಹೇಳಿಕೆಗೆ ಸಮನ್ಸ್ ಜಾರಿಯಾದಲ್ಲಿಂದ 30 ದಿನವನ್ನೇ ಕೊನೆ ಎಂದು ಬರೆಯಿರಿ. 90ರವರೆಗೆ ಕೋರ್ಟ್ ಅವಕಾಶ ಕೊಟ್ಟೀತು ಎಂದು ಮುಂದೆ ತಳ್ಳಿದ ಫೈಲೇ ಆಮೇಲೆ ಕಾಡುವುದು. ಜೂನಿಯರ್ ಇನ್ನೊಮ್ಮೆ ಎಣಿಸಿ ಪಕ್ಕದಲ್ಲಿ ಸಹಿ ಹಾಕಲಿ. ಒಬ್ಬರೇ ಎಣಿಸಿದ ತಾರೀಕಿನ ಬಗ್ಗೆ ಅನುಮಾನ ಉಳಿದೇ ಇರುತ್ತದೆ. ಇಬ್ಬರು ಎಣಿಸಿದ್ದರೆ ಎಚ್ಚರವಾದರೂ ಮತ್ತೆ ನಿದ್ದೆ ಬರುತ್ತದೆ.

ಕಕ್ಷಿದಾರರ ಫೋನಿಗೆ ಹೊತ್ತು ಗೊತ್ತುಮಾಡಿ, ಸಂಜೆ ಆರರಿಂದ ಎಂಟು ಸಾಕು. ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಇದನ್ನು ಹೇಳಬೇಕು, ಕೇಸು ನಡೆಯುತ್ತಿರುವಾಗ ಹೇಳಿದರೆ ಬೇಸರಪಡುತ್ತಾರೆ. ಬಂಧನದಂಥ ತುರ್ತು ಬಿಟ್ಟು ರಾತ್ರಿ ಹತ್ತರ ವಾಟ್ಸ್ಆ್ಯಪ್‌ಗೆಲ್ಲ ಒಂದೇ ಉತ್ತರ: “ನಾಳೆ ಆರು ಗಂಟೆಗೆ ಫೈಲು ಎದುರಿಟ್ಟುಕೊಂಡು ಮಾತಾಡುವ.”

ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ಹೈಕೋರ್ಟ್ ಕೆಲಸ ಮುಗಿಸಿ ಅದೇ ರಾತ್ರಿ ಹಿಂತಿರುಗುವವರು ಮರುದಿನ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಇಟ್ಟುಕೊಳ್ಳಬೇಡಿ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣದ ಹೇಳಿಕೆ, ಮರಣೋತ್ತರ ಪರೀಕ್ಷೆಯ ಫೋಟೊಗಳನ್ನು ಹಗಲಲ್ಲೇ ಓದಿ ಮುಗಿಸಿ, ಮಲಗುವ ಮುಂಚೆ ಬೇಡ.

ಇಷ್ಟೆಲ್ಲ ಮಾಡಿಯೂ ಎರಡು ವಾರ ಬಿಡದೆ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಫೈಲು ಬಿಚ್ಚಲೇ ಆಗದಿರುವುದು ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಮೆಡಿಕಲ್ ಶಾಪಿನಿಂದ ನಿದ್ದೆಗೆಂದು ಅಲ್ಪ್ರಜೋಲಾಮ್ ಮಾತ್ರೆ ತಂದು ನುಂಗಬೇಡಿ: ಬೇಗ ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಮಂಗಳೂರಿನ ವೆನ್ಲಾಕ್, ಮಣಿಪಾಲದ ಕೆಎಂಸಿ, ಉಡುಪಿಯ ಬಾಳಿಗಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿಗೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಸುದ್ದಿ ವಕೀಲರು ಸೇರುವ ಬಾರ್ ರೂಮಿಗೆ ತಲುಪೀತು ಎಂಬ ಅಂಜಿಕೆ ಅನೇಕರಿಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಕಕ್ಷಿದಾರರ ಗುಟ್ಟೂ ಒಡೆಯಬೇಕಿಲ್ಲ. ಹೆಸರು, ಊರು, ಕೇಸ್ ನಂಬರ್ ಬಿಟ್ಟು ನಿಮಗಾಗುತ್ತಿರುವುದನ್ನಷ್ಟೇ ಹೇಳಿದರೆ ವೈದ್ಯರಿಗೆ ಸಾಕು.

ಜೊತೆಯವರೊಬ್ಬರು ಬದುಕೇ ಬೇಡ ಎಂಬಂತೆ ಮಾತಾಡಿದರೆ, “ಸಾಯುವ ಯೋಚನೆ ಬರುತ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ನೀವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆಯ ಕೇಸುಗಳ ಗತಿಯೇನು ಎಂದು ಅವರು ಹಿಂಜರಿಯುತ್ತಾರೆ. ಡೈರಿ ಇಸಿದುಕೊಂಡು ವಕೀಲರ ಸಂಘದ ನಾಲ್ಕು ಜನ ಹಂಚಿಕೊಳ್ಳಿ, ಕೋರ್ಟಿನಲ್ಲಿ ಹಾಜರಾಗಿ ಮುಂದಿನ ವಾಯಿದೆ ಕೇಳಿ.