ವಾರಾಂತ್ಯಕ್ಕೆ ನಾಲ್ಕು ಸಿನಿಮಾ: ಯಾವುದು ಮೊದಲು, ಯಾವುದು ಆಮೇಲೆ?

ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ 207 ನಿಮಿಷದ ಚಿತ್ರ. ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ಹಾಕಿದ್ದು ನನ್ನದೇ ತಪ್ಪು. ನಿರ್ದೇಶಕರು ಮಧ್ಯಂತರವನ್ನೂ ಕೊಟ್ಟಿದ್ದಾರೆ, ಆದರೆ ಅದು ಬರುವಷ್ಟರಲ್ಲಿ ಸೋಫಾದ ಮೇಲಿದ್ದವರೆಲ್ಲ ಗೊರಕೆ ಹೊಡೆಯುತ್ತಿದ್ದರು. ಚಿತ್ರದ ದೋಷವಲ್ಲ ಅದು, ಸರದಿಯ ದೋಷ. ಒಳ್ಳೆಯ ಸಿನಿಮಾಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವುದನ್ನು ಯಾವ ಹೊತ್ತಿಗೆ ನೋಡಬೇಕೆಂದು ಹೇಳುವವರು ಕಡಿಮೆ.

1. ನಾಲ್ಕಕ್ಕೇ ನಿಲ್ಲಿಸಿ

ಕೆಳಗಿನ ನಾಲ್ಕೂ ಸೇರಿ 445 ನಿಮಿಷ, ಅಂದರೆ ಏಳೂವರೆ ಗಂಟೆಗೆ ಐದು ನಿಮಿಷ ಕಡಿಮೆ. ಐದನೆಯದನ್ನು ತುರುಕಿದರೆ ಸೋಮವಾರ ಎಲ್ಲವೂ ಕಲಸುಮೇಲೋಗರವಾಗಿ ನೆನಪಿಗೆ ಬರುತ್ತವೆ. ಗುರುವಾರವೇ ನಾಲ್ಕೂ ಎಲ್ಲಿ ಸಿಗುತ್ತವೆ ಎಂದು ಹುಡುಕಿಡಿ. ಶುಕ್ರವಾರ ರಾತ್ರಿ ಹುಡುಕಲು ಕೂತರೆ ಟ್ರೇಲರ್ ನೋಡುವುದರಲ್ಲೇ ಕಾಲ ಕಳೆದುಹೋಗುತ್ತದೆ.

2. ಟಿ.ವಿ.ಯ ಬುದ್ಧಿವಂತಿಕೆಗೆ ಕಡಿವಾಣ ಹಾಕಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ (ಫ್ರೇಮ್) ಚಿತ್ರೀಕರಣವಾಗುತ್ತವೆ. ಈಗಿನ ಟಿ.ವಿ.ಗಳು ‘ಮೋಷನ್ ಸ್ಮೂದಿಂಗ್’ ಹೆಸರಿನಲ್ಲಿ ಅವುಗಳ ನಡುವೆ ತಾವೇ ಚೌಕಟ್ಟು ಸೃಷ್ಟಿಸಿ ಸೇರಿಸುತ್ತವೆ. ಎಂಥ ಮಹಾನ್ ಛಾಯಾಗ್ರಹಣವೂ ಆಗ ಧಾರಾವಾಹಿಯಂತೆ ನುಣ್ಣಗೆ ಜಾರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಅಥವಾ ‘ಸಿನಿಮಾ’, ‘ಫಿಲ್ಮ್‌ಮೇಕರ್’ ಮೋಡ್ ಇದ್ದರೆ ಆರಿಸಿಕೊಳ್ಳಿ.

ಇನ್ನೊಂದು ಮಾತು. ಹಳೆಯ ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರ: ಅಗಲ 1.37 ಇದ್ದರೆ ಎತ್ತರ 1. ಎಡಬಲಗಳಲ್ಲಿ ಕಪ್ಪು ಪಟ್ಟಿ ಬರುವುದೇ ಸರಿ. ಪರದೆ ತುಂಬಲೆಂದು ಹಿಗ್ಗಿಸಿದರೆ ನಾಯಕಿಯ ಮುಖ ಕುಂಬಳಕಾಯಿಯಾಗುತ್ತದೆ.

3. ಶುಕ್ರವಾರ ರಾತ್ರಿ: ಚಿಕ್ಕದು, ಮಾತು ಕಡಿಮೆ

ಸಬ್‌ಟೈಟಲ್ ಓದುತ್ತಲೇ ಮುಖಗಳನ್ನು ನೋಡುವುದು ಕಣ್ಣಿಗೆ ಒಂದು ರೂಢಿ. ಅದು ಕೂರಲು ಅರ್ಧ ಗಂಟೆಯಾದರೂ ಬೇಕು. ಹಾಗಾಗಿ ಇರಾನಿನ ಅಬ್ಬಾಸ್ ಕಿಯರೊಸ್ತಾಮಿ 1987ರಲ್ಲಿ ಮಾಡಿದ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ನಿಂದ ಶುರುಮಾಡಿ. ಬರೀ 83 ನಿಮಿಷ. ಸಹಪಾಠಿಯ ನೋಟ್‌ಬುಕ್ಕನ್ನು ಅಹ್ಮದ್ ತಪ್ಪಿ ಮನೆಗೆ ತಂದುಬಿಟ್ಟಿದ್ದಾನೆ. ನಾಳೆ ಅದರಲ್ಲಿ ಮನೆಪಾಠ ಬರೆದಿರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುತ್ತಾರೆ. ಪಕ್ಕದ ಹಳ್ಳಿಯಲ್ಲಿ ಅವನ ಮನೆ ಎಲ್ಲಿದೆಯೋ ಗೊತ್ತಿಲ್ಲ. ಇಷ್ಟೇ ಕಥೆ. ಆದರೆ ಗುಡ್ಡದ ಅಂಕುಡೊಂಕು ದಾರಿಯಲ್ಲಿ ಆ ಹುಡುಗ ಓಡುವಾಗ ನನಗೆ ಯಾವ ಥ್ರಿಲ್ಲರ್‌ನಲ್ಲೂ ಆಗದ ಚಡಪಡಿಕೆ ಆಗಿದೆ. ದೊಡ್ಡವರು ಯಾರೂ ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದೇ ಇಲ್ಲ!

4. ಶನಿವಾರ: ಮಧ್ಯಾಹ್ನ ಒಂದು, ರಾತ್ರಿ ಒಂದು

ಮಧ್ಯಾಹ್ನಕ್ಕೆ ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948, 89 ನಿಮಿಷ). ಯುದ್ಧ ಮುಗಿದ ರೋಮ್, ಕೆಲಸಕ್ಕೆ ಬೇಕೇಬೇಕಾದ ಸೈಕಲ್ ಕಳುವಾಗಿ ಅದನ್ನು ಹುಡುಕುತ್ತ ಅಲೆಯುವ ಅಪ್ಪ-ಮಗ. ಅಪ್ಪನ ಪಾತ್ರ ಮಾಡಿದ ಲಂಬೆರ್ಟೊ ಮಜ್ಜೊರಾನಿ ವೃತ್ತಿನಟರಲ್ಲ, ಕಾರ್ಖಾನೆಯ ಕೆಲಸಗಾರ. ಮಗನ ಕಣ್ಣು ಪದೇ ಪದೇ ಅಪ್ಪನ ಮುಖದತ್ತ ಹೊರಳುವುದನ್ನು ಗಮನಿಸಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರಿಗೂ ಮಾತು ಬೇಡವೆನಿಸುತ್ತದೆ. ಹಗಲಲ್ಲಿ ನೋಡಿ ಎಂದದ್ದು ಅದಕ್ಕೇ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಹೊತ್ತನ್ನು ಜಪಾನಿನ ಮಿಯಾಜಾಕಿ ಅವರ ಅನಿಮೇಷನ್ ಚಿತ್ರ ‘ಮೈ ನೇಬರ್ ಟೊಟೊರೊ’ಗೆ (1988, 86 ನಿಮಿಷ) ಬಿಟ್ಟುಕೊಡಿ. ಖಳನಾಯಕನೇ ಇಲ್ಲದ ಚಿತ್ರ. ಡಬ್ಬಿಂಗ್ ಎಂದರೆ ನನಗಾಗದು, ಆದರೆ ಓದಲು ಬಾರದ ಮಗುವಿನ ಮುಂದೆ ಆ ಹಟ ನಡೆಯುವುದಿಲ್ಲ.

ರಾತ್ರಿಗೆ ಬಿಗಿಯಾದದ್ದು ಬೇಕು. ಜರ್ಮನಿಯ ‘ದ ಲೈವ್ಸ್ ಆಫ್ ಅದರ್ಸ್’ (2006, 137 ನಿಮಿಷ) ಹಾಕಿ. 1984ರ ಪೂರ್ವ ಬರ್ಲಿನ್‌ನಲ್ಲಿ ನಾಟಕಕಾರನೊಬ್ಬನ ಮನೆಯ ಮಾತನ್ನೆಲ್ಲ ಕದ್ದು ಕೇಳುವ ಗೂಢಚಾರನ ಕಥೆ. ಮೂಲ ಧ್ವನಿಯಲ್ಲೇ ನೋಡಿ, ಕಿವಿಗೊಟ್ಟು ಕೂರುವವನ ಚಿತ್ರವನ್ನು ಎರವಲು ಧ್ವನಿಯಲ್ಲಿ ಕೇಳಿದರೆ ಏನು ಬಂತು? ಫೋನು ಬೇರೆ ಕೋಣೆಯಲ್ಲಿರಲಿ.

5. ಭಾನುವಾರ ಸಂಜೆ: ನಿಧಾನದ್ದು ಕೊನೆಗೆ

ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953, 136 ನಿಮಿಷ). ವಯಸ್ಸಾದ ದಂಪತಿ ದೂರದ ಊರಿಂದ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳು ಮಾತ್ರ ರಜೆ ಹಾಕಿ ಊರು ತೋರಿಸುತ್ತಾಳೆ. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಎತ್ತರಕ್ಕಿಂತ ಮೇಲೇಳುವುದೇ ಅಪರೂಪ, ಅಲುಗುವುದು ಇನ್ನೂ ಅಪರೂಪ. ಶುಕ್ರವಾರವೇ ತೋರಿಸಿದ್ದರೆ ಇಪ್ಪತ್ತು ನಿಮಿಷಕ್ಕೆ ‘ಏನೂ ಆಗ್ತಾನೇ ಇಲ್ಲ’ ಎನ್ನುತ್ತಿದ್ದವರು, ಎರಡು ದಿನದ ರೂಢಿಯ ಮೇಲೆ ಸುಮ್ಮನೆ ಕೂತು ನೋಡುತ್ತಾರೆ.

ಶುರುಮಾಡುವ ಮುನ್ನ ಆಟೋಪ್ಲೇ ಆಫ್ ಮಾಡಲು ಮರೆಯಬೇಡಿ. ಕೊನೆಯಲ್ಲಿ ಸಮುದ್ರದ ಮೇಲೆ ದೋಣಿಯೊಂದು ಸದ್ದು ಮಾಡುತ್ತ ಸಾಗುತ್ತದೆ. ಅದು ಮರೆಯಾಗುತ್ತಿದ್ದಂತೆ ಮುಂದಿನ ಸಿನಿಮಾದ ಕೌಂಟ್‌ಡೌನ್ ಪರದೆಗೆ ಬಂದರೆ ನನಗಂತೂ ರಿಮೋಟ್ ಎಸೆಯುವಷ್ಟು ಸಿಟ್ಟು ಬರುತ್ತದೆ.